ಮಗು ಬಂದು ಹೇಳಿಕೊಂಡಾಗ ಶಾಲೆ ಏನು ಮಾಡಬೇಕು

ಮೊದಲು ಒಂದು ನೋಟ್‌ಬುಕ್ ತೆಗೆದಿಡಿ. ಇನ್ನೂರು ಪುಟದ್ದು ಸಾಕು, ಆದರೆ ಹೊಲಿಗೆ ಹಾಕಿದ್ದಿರಲಿ; ಹಾಳೆ ಕಿತ್ತರೆ ಗೊತ್ತಾಗಬೇಕು. ಪ್ರತಿ ಪುಟಕ್ಕೂ ಸಂಖ್ಯೆ ಹಾಕಿ ಮುಖ್ಯಶಿಕ್ಷಕರ ಬೀರುವಿನಲ್ಲಿ ಬೀಗ ಹಾಕಿಡಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಅಕ್ಕಿ ಬೇಳೆಗೆ ದಾಸ್ತಾನು ವಹಿ ಇದೆ, ಹಾಲಿನ ಪುಡಿಗೆ ಲೆಕ್ಕವಿದೆ, ಮೊಟ್ಟೆ ತಿಂದವರೆಷ್ಟು ಬಾಳೆಹಣ್ಣು ತಿಂದವರೆಷ್ಟು ಎಂಬುದಕ್ಕೂ ಪಟ್ಟಿ ಇದೆ. ಮಗುವೊಂದು ಬಂದು ತನಗಾದ ಲೈಂಗಿಕ ಕಿರುಕುಳವನ್ನೋ ಹಿಂಸೆಯನ್ನೋ ಹೇಳಿಕೊಂಡರೆ ಅದನ್ನು ಬರೆದಿಡಲು ಮಾತ್ರ ಎಷ್ಟೋ ಕಡೆ ಒಂದು ಹಾಳೆಯೂ ಇಲ್ಲ.

ನಾನು ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯಶಿಕ್ಷಕಿ. ಹೊಸದಾಗಿ ಪ್ರಭಾರ ವಹಿಸಿಕೊಳ್ಳುವವರಿಗೆ ಸದಾ ಹೇಳುವುದು ಒಂದೇ ಮಾತು: ಕೇಳಿಸಿಕೊಳ್ಳಿ, ಬರೆಯಿರಿ, ತಿಳಿಸಿ. ನಿಜವೋ ಸುಳ್ಳೋ ಎಂಬ ತೀರ್ಮಾನ ಪೊಲೀಸರಿಗೂ ನ್ಯಾಯಾಲಯಕ್ಕೂ ಸೇರಿದ್ದು. ಶಿಕ್ಷಕರಿಗೆ ಇದು ಸುಲಭವಲ್ಲ. ಉತ್ತರ ಪತ್ರಿಕೆ ತಿದ್ದಿ ತಿದ್ದಿ, ಎದುರಿಗೆ ಏನು ಬಂದರೂ ಸರಿ ತಪ್ಪು ಗುರುತು ಹಾಕುವ ಚಾಳಿ ನಮಗೆ ಅಂಟಿಕೊಂಡಿರುತ್ತದೆ.

ಕೇಳಿಸಿಕೊಳ್ಳುವ ಬಗೆ

ಮಕ್ಕಳು "ನಿಮ್ಮೊಂದಿಗೆ ಮಾತನಾಡಬೇಕಿತ್ತು" ಎಂದು ಬರುವುದಿಲ್ಲ. ಹೊಟ್ಟೆನೋವು ಎಂದು ಬರುತ್ತಾರೆ. ಸಹಿ ಹಾಕಿಸಿಕೊಂಡ ಪುಸ್ತಕಕ್ಕೇ ಮತ್ತೆ ಸಹಿ ಕೇಳುತ್ತಾರೆ. ಶನಿವಾರ ಗಂಟೆ ಹೊಡೆದ ಮೇಲೂ ಚೀಲ ಹಾಕಿಕೊಂಡು ಬಾಗಿಲ ಬಳಿ ಸುಳಿಯುತ್ತಾರೆ. ಆಗ "ಸೋಮವಾರ ಬಾ" ಎಂದರೆ ಆ ಸೋಮವಾರ ಬರುವುದೇ ಇಲ್ಲ. ಹೊರಡುವ ಬಸ್ಸು ತಪ್ಪಿದರೂ ಕುಳಿತುಕೊಳ್ಳಿ.

ಎಲ್ಲಿ ಕೂರಬೇಕು ಎಂಬುದೂ ಮುಖ್ಯ. ಕದ ಮುಚ್ಚಿದ ಕೋಣೆ ಬೇಡ, ಎಲ್ಲರೂ ಓಡಾಡುವ ಸ್ಟಾಫ್ ರೂಮ್ ಬೇಡ. ಜಗಲಿಯ ಒಂದು ಮೂಲೆ ಒಳ್ಳೆಯದು. ದೂರದಿಂದ ನೋಡಿದವರಿಗೆ ಇಬ್ಬರೂ ಕಾಣುತ್ತಾರೆ, ಮಾತು ಮಾತ್ರ ಕೇಳಿಸುವುದಿಲ್ಲ. ಮಗುವಿನ ಎತ್ತರಕ್ಕೆ ಕುಳಿತು ಕೈಯಲ್ಲೊಂದು ಕೆಲಸ ಇಟ್ಟುಕೊಳ್ಳಿ. ಪುಸ್ತಕಕ್ಕೆ ರಟ್ಟು ಹಾಕುತ್ತಲೋ ಬಣ್ಣದ ಪೆನ್ಸಿಲ್ ಚೂಪು ಮಾಡುತ್ತಲೋ ಇದ್ದರೆ, ಮುಖ ನೋಡಿಕೊಂಡು ಹೇಳಲಾಗದ ಮಾತು ಹೊರಬರುತ್ತದೆ.

ನೀವು ಆಡಬೇಕಾದ ಮಾತು ಬಹಳ ಕಡಿಮೆ. "ಹೂಂ", "ಆಮೇಲೆ?", "ಎಲ್ಲಿ?", "ಆಗ ಯಾರಿದ್ದರು?" ಇಷ್ಟೇ ಸಾಕು. "ಅವನು ನಿನ್ನನ್ನು ಇಲ್ಲಿ ಮುಟ್ಟಿದನೇ?" ಎಂದು ಕೇಳಲೇಬೇಡಿ. ಉತ್ತರವನ್ನು ನೀವೇ ಮಗುವಿನ ಬಾಯಿಗೆ ಇಟ್ಟಂತಾಗುತ್ತದೆ, ಮುಂದೆ ವಕೀಲರು ಹಿಡಿಯುವುದು ಅದನ್ನೇ. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂಬುದನ್ನು ನಾವು ಕಾಳಜಿಯಿಂದಲೇ ಕೇಳುತ್ತೇವೆ, ಮಗುವಿಗೆ ಅದು ಬೈಗುಳವಾಗಿ ಕೇಳಿಸುತ್ತದೆ. ಅದರ ಬದಲು "ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ" ಎನ್ನಿ. ನೀವು ಅಳಬೇಡಿ, ಹಲ್ಲು ಕಚ್ಚಬೇಡಿ. ಮಿಸ್ ಹೆದರಿದರು ಎಂದು ಕಂಡ ಕೂಡಲೇ ಅರ್ಧ ಹೇಳಿದ್ದನ್ನು ಮಗು ನುಂಗಿಕೊಳ್ಳುತ್ತದೆ.

"ಯಾರಿಗೂ ಹೇಳಬೇಡಿ ಮಿಸ್" ಎಂಬ ಮಾತು ಬಹುತೇಕ ಬಂದೇ ಬರುತ್ತದೆ. ಆಣೆ ಮಾಡಬೇಡಿ. "ನಿನ್ನನ್ನು ಕಾಪಾಡಲು ಒಬ್ಬಿಬ್ಬರಿಗೆ ಹೇಳಲೇಬೇಕಾಗುತ್ತದೆ. ಯಾರಿಗೆ ಹೇಳುತ್ತೇನೆ ಎಂದು ನಿನಗೆ ಮೊದಲು ತಿಳಿಸುತ್ತೇನೆ" ಎನ್ನಿ, ಹಾಗೆಯೇ ನಡೆದುಕೊಳ್ಳಿ. ಯಾರು, ಏನು, ಸುಮಾರು ಯಾವಾಗ ಎಂಬಷ್ಟು ತಿಳಿದರೆ ನಿಲ್ಲಿಸಿ. ಉಳಿಯುವ ಪ್ರಶ್ನೆ ಒಂದೇ: ಈ ಮಗು ಈ ಸಂಜೆ ಮನೆಗೆ ಹೋಗುವುದು ಸುರಕ್ಷಿತವೇ? ಅಷ್ಟು ಸಿಕ್ಕ ಮೇಲೆ ಇನ್ನೊಬ್ಬ ಶಿಕ್ಷಕಿಯನ್ನು ಕರೆದು "ಅವರಿಗೂ ಒಂದು ಸಲ ಹೇಳಮ್ಮ" ಎನ್ನುವುದು ಕ್ರೌರ್ಯ. ಹಾಗೆ ಹೇಳಿಸಿದಷ್ಟೂ ಮಾತು ಮಾರ್ಪಡುತ್ತದೆ, ಮಗುವೂ ದಣಿಯುತ್ತದೆ.

ಮಗುವಿನ ಮನೆಮಾತು ಲಂಬಾಣಿಯೋ ಉರ್ದುವೋ ಆಗಿದ್ದು ನಿಮಗೆ ಅದು ಬಾರದಿದ್ದರೆ, ಏಳನೆಯ ತರಗತಿಯ ಅಕ್ಕನನ್ನೋ ಪಕ್ಕದ ಮನೆಯ ಹುಡುಗನನ್ನೋ ದುಭಾಷಿಯಾಗಿ ಕೂರಿಸಬೇಡಿ. ಕೇಳಿಸಿದ ಪದಗಳನ್ನು ಕನ್ನಡ ಅಕ್ಷರದಲ್ಲಿ ಹಾಗೆಯೇ ಬರೆದುಕೊಳ್ಳಿ. ಅಗತ್ಯವಿದ್ದಲ್ಲಿ ಭಾಷಾಂತರಕಾರರನ್ನು ಒದಗಿಸಬೇಕೆಂದು ಕಾನೂನೇ ಹೇಳುತ್ತದೆ.

ಬರೆಯುವ ಬಗೆ

ಮಗು ತರಗತಿಗೆ ಮರಳಿದ ಕೂಡಲೇ ಬರೆಯಿರಿ. ಸಂಜೆಗೆ ಎಂದಿಟ್ಟುಕೊಂಡರೆ ಮಗುವಿನ ಮಾತು ಹೋಗಿ ನಿಮ್ಮ ಮಾತು ಉಳಿದಿರುತ್ತದೆ. ಕಚೇರಿ ಕನ್ನಡ ನಮ್ಮ ಕೈಗೆ ಎಷ್ಟು ಅಂಟಿದೆಯೆಂದರೆ ಹೆಚ್ಚಿನವರು ಬರೆಯುವುದು ಹೀಗೆ: "ಸದರಿ ವಿದ್ಯಾರ್ಥಿನಿಯು ವಾಹನ ಚಾಲಕನಿಂದ ಅಸಭ್ಯ ವರ್ತನೆಗೆ ಒಳಗಾಗಿರುವುದಾಗಿ ತಿಳಿದುಬಂದಿರುತ್ತದೆ." ಇದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನನ್ನ ಶಿಕ್ಷಕರಿಗೆ ನಾನು ಕೊಡುವ ಮಾದರಿ, ಕಲ್ಪಿಸಿ ಬರೆದದ್ದು, ಹೀಗಿದೆ:

"ಮಧ್ಯಾಹ್ನ 2.10. ತಟ್ಟೆ ತೊಳೆದು ಬಂದವಳು ಕಚೇರಿ ಬಾಗಿಲಲ್ಲಿ ನಿಂತಳು. ನಾನು 'ಏನಮ್ಮ?' ಎಂದೆ. ಅವಳು ಹೇಳಿದ್ದು: 'ಎಲ್ಲರೂ ಇಳಿದ ಮೇಲೆ ವ್ಯಾನ್ ಮಾಮ ಮುಂದೆ ಬಾ ಅನ್ನುತ್ತಾರೆ. ತೊಡೆ ಮೇಲೆ ಕೂರಿಸಿಕೊಳ್ಳುತ್ತಾರೆ. ಅಮ್ಮನಿಗೆ ಹೇಳಿದರೆ ವ್ಯಾನ್ ಹತ್ತಿಸುವುದಿಲ್ಲ ಅಂದರು.' 'ಯಾವಾಗ?' ಎಂದೆ. 'ಜೋರು ಮಳೆ ಬಂದ ದಿನ, ನಿನ್ನೆಯೂ' ಎಂದಳು. ಅಳಲಿಲ್ಲ. ರಿಬ್ಬನ್ ತುದಿ ಕಚ್ಚುತ್ತಿದ್ದಳು."

ಇದರಲ್ಲಿ ನಿಮ್ಮ ಪ್ರಶ್ನೆಯೂ ಇದೆ, ಮಗುವಿನ ಉತ್ತರವೂ ಇದೆ, ಎರಡೂ ಬೆರೆತಿಲ್ಲ. "ಜೋರು ಮಳೆ ಬಂದ ದಿನ" ಎಂಬುದನ್ನು ನೀವಾಗಿ ದಿನಾಂಕ ಮಾಡಬೇಡಿ. ಆ ದಿನ ಯಾವುದೆಂದು ಪೊಲೀಸರು ಹುಡುಕಿಕೊಳ್ಳುತ್ತಾರೆ, ನಿಮ್ಮ ಊಹೆ ತಪ್ಪಿದರೆ ಮಗು ಸುಳ್ಳುಗಾತಿ ಎನ್ನಿಸಿಕೊಳ್ಳುತ್ತದೆ. ದೇಹದ ಭಾಗಗಳಿಗೆ ಮಗು ಮನೆಯ ಹೆಸರು ಬಳಸಿದರೆ ನಾಚದೆ ಅದನ್ನೇ ಬರೆಯಿರಿ. ಕೆಳಗೆ ಸಹಿ, ದಿನಾಂಕ, ಸಮಯ ಇರಲಿ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ, ವೈಟ್ನರ್ ಬೇಡ.

ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಗಾಯದ ಫೋಟೊ ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ಬಿದ್ದರೆ ಸಂಜೆಯೊಳಗೆ ತಾಲ್ಲೂಕು ಸುತ್ತಿರುತ್ತದೆ. ಘಟನೆ ಆಗತಾನೆ ನಡೆದಿದ್ದರೆ ಮಗುವಿಗೆ ಸ್ನಾನ ಮಾಡಿಸುವುದಾಗಲಿ ಬಟ್ಟೆ ಬದಲಿಸಿ ಒಗೆಯುವುದಾಗಲಿ ಬೇಡ. ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ತುರ್ತು ಚಿಕಿತ್ಸೆಗೆ ಮುಂಚೆ ಎಫ್‌ಐಆರ್ ಆಗಲಿ ಬೇರಾವ ಕಾಗದವಾಗಲಿ ತನ್ನಿ ಎಂದು ವೈದ್ಯರು ಕೇಳುವಂತಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆಯಾದ ಪೋಕ್ಸೊದ 2020ರ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ.

ತಿಳಿಸುವಾಗ

ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯ್ದೆ, ಎಲ್ಲರೂ ಪೋಕ್ಸೊ ಎನ್ನುವುದು, 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಹದಿನೆಂಟು ತುಂಬದ ಎಲ್ಲರೂ ಅದರ ಪ್ರಕಾರ ಮಕ್ಕಳು, ಗಂಡಾಗಲಿ ಹೆಣ್ಣಾಗಲಿ. ಹುಡುಗರ ವಿಷಯದಲ್ಲಿ "ಗಂಡು ಹುಡುಗನಿಗೆ ಏನಾಗುತ್ತದೆ ಬಿಡಿ" ಎನ್ನುವ ಮಾತು ಸ್ಟಾಫ್ ರೂಮಿನಲ್ಲಿ ಇಂದಿಗೂ ಕೇಳುತ್ತದೆ. ಕಾಯ್ದೆ ಹಾಗೆ ಹೇಳುವುದಿಲ್ಲ.

ಅದರ 19ನೆಯ ಸೆಕ್ಷನ್ ಪ್ರಕಾರ ಅಪರಾಧ ನಡೆದಿದೆ ಎಂದು ತಿಳಿದವರು ಮಾತ್ರವಲ್ಲ, ನಡೆಯಬಹುದು ಎಂಬ ಆತಂಕವಿರುವವರೂ ಸ್ಥಳೀಯ ಠಾಣೆಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಸಾಕ್ಷ್ಯ ಒದಗಿಸುವುದು ನಿಮ್ಮ ಹೊಣೆಯಲ್ಲ. ತಿಳಿಸದಿದ್ದರೆ 21ನೆಯ ಸೆಕ್ಷನ್ ಅಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ತಮ್ಮ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಮುಖ್ಯಶಿಕ್ಷಕರಾಗಿ ನೀವು ಆ ಜಾಗದಲ್ಲೇ ಕುಳಿತಿದ್ದೀರಿ. ಮಹಾರಾಷ್ಟ್ರದ ಹಾಸ್ಟೆಲ್ ಒಂದರ ಬಾಲಕಿಯರ ವಿಷಯ ಗೊತ್ತಿದ್ದೂ ತಿಳಿಸಲಿಲ್ಲ ಎಂಬ ಆರೋಪವಿದ್ದ ವೈದ್ಯರೊಬ್ಬರ ಮೇಲಿನ ಪ್ರಕರಣವನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದುಪಡಿಸಿತು. ಇನ್ನೊಂದು ಕಡೆ, ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ ಎಂದು ಅದೇ 19ನೆಯ ಸೆಕ್ಷನ್ ಅಭಯ ಕೊಟ್ಟಿದೆ.

ಇದಕ್ಕೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ, ಅಧ್ಯಕ್ಷರ ಒಪ್ಪಿಗೆ ಬೇಡ. ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಅವರ ಅನುಮತಿಯೂ ಬೇಡ. ಮೊದಲು ಠಾಣೆ, ಆಮೇಲೆ ಇಲಾಖೆ. ಇಲಾಖೆಗೆ ಅದೇ ದಿನ ಪತ್ರ ಕಳುಹಿಸಿ, ಅದರಲ್ಲಿ ಮಗುವಿನ ಹೆಸರು ಬೇಡ. ಕೇಳಿದರೆ ಮೊಹರು ಮಾಡಿದ ಲಕೋಟೆಯಲ್ಲಿ ಕೊಡಿ. ತಂದೆ ತಾಯಿಗೆ ತಿಳಿಸಿ, ಆದರೆ ಮಗು ಹೇಳಿದ್ದು ಮನೆಯವರ ಮೇಲೆಯೇ ಆಗಿದ್ದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುವ, ದುಡ್ಡಿಲ್ಲದೆ ಮಾಡಬಹುದಾದ ಕರೆ ಅದು. ಮಗುವನ್ನು ಆ ಸಂಜೆ ಎಲ್ಲಿ ಇರಿಸಬೇಕು ಎಂಬುದನ್ನು ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸುತ್ತದೆ. ನಿಮ್ಮ ಮನೆಗೆ ಕರೆದುಕೊಂಡು ಹೋಗುವ ಔದಾರ್ಯ ಬೇಡ.

ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂಬುದು ಬಾಲನ್ಯಾಯ ಕಾಯ್ದೆಯ ನಿಯಮ. ಅವರ ಹೆಸರು, ಫೋನ್ ನಂಬರ್ ಜೂನ್ ತಿಂಗಳಲ್ಲೇ ತಿಳಿದು ಗೋಡೆಗೆ ಅಂಟಿಸಿಡಿ; ಬೇಕಾದ ದಿನ ಹುಡುಕಲು ಹೊರಡಬೇಡಿ. ದೂರನ್ನು ಬರೆದೇ ಕೊಡಿ. ಕೇಳಿದ್ದನ್ನು ಬರೆಯಿರಿ, ನಿಮ್ಮ ಅಭಿಪ್ರಾಯ ಬೇಡ. ನಮೂದಿನ ಸಂಖ್ಯೆ ಕೇಳಿ ಪಡೆಯಿರಿ. "ಇದು ನಮ್ಮ ಸರಹದ್ದಲ್ಲ" ಎಂದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಸೆಕ್ಷನ್ ನೆನಪಿಸಿ; ಸರಹದ್ದು ಯಾವುದಾದರೂ ಮಾಹಿತಿ ದಾಖಲಿಸಿಕೊಳ್ಳಬೇಕು, ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಪೊಲೀಸರು ಮಗುವಿನ ಹೇಳಿಕೆ ಪಡೆಯುವುದು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಮವಸ್ತ್ರವಿಲ್ಲದೆ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯಿಂದ. ಜೀಪು ಶಾಲೆಯ ಅಂಗಳಕ್ಕೇ ಬಂದು ನಿಂತರೆ ಇದನ್ನು ವಿನಯದಿಂದಲೇ ಹೇಳಿ, ಆದರೆ ಹೇಳಿ.

ಆಮೇಲೆ ಊರಿನ ಹಿರಿಯರು ಬರುತ್ತಾರೆ. ಅವರು ಬಂದೇ ಬರುತ್ತಾರೆ, ಟೀ ತರಿಸುವಷ್ಟರಲ್ಲಿ "ಶಾಲೆಯ ಮರ್ಯಾದೆ" ಎಂಬ ಮಾತೂ ಬರುತ್ತದೆ, ಹಿಂದೆಯೇ "ಹೆಣ್ಣುಮಗುವಿನ ಭವಿಷ್ಯ". ರಾಜಸ್ಥಾನದ ಸರ್ಕಾರಿ ಶಾಲಾ ಶಿಕ್ಷಕನೊಬ್ಬನ ಮೇಲಿದ್ದ ಪ್ರಕರಣದಲ್ಲಿ ಹುಡುಗಿಯ ಮನೆಯವರು ಛಾಪಾ ಕಾಗದದಲ್ಲಿ ರಾಜಿ ಬರೆದುಕೊಟ್ಟಿದ್ದರು, ಅದನ್ನೇ ನೆಚ್ಚಿ ಹೈಕೋರ್ಟ್ ಪ್ರಕರಣ ಕೈಬಿಟ್ಟಿತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ ವಿಚಾರಣೆ ಮುಂದುವರಿಸಲು ಹೇಳಿತು. ಹಿರಿಯರಿಗೆ ನಾನು ಹೇಳುವುದಿಷ್ಟೇ: "ದೂರು ಕೊಟ್ಟಾಗಿದೆ ಯಜಮಾನರೇ, ಇನ್ನು ನನ್ನ ಕೈಯಲ್ಲಿಲ್ಲ." ನಿಜವಾಗಿಯೂ ಇಲ್ಲ. ಬೇಗ ದೂರು ಕೊಡುವುದರ ದೊಡ್ಡ ಲಾಭವೇ ಇದು.

ಆರೋಪ ಸಹೋದ್ಯೋಗಿಯ ಮೇಲಾದರೆ

ಅವರನ್ನು ಕರೆದು "ಏನ್ರೀ ಸರ್ ಇದು?" ಎಂದು ಕೇಳಬೇಡಿ. ಹಾಗೆ ಕೇಳಿದ ಕ್ಷಣದಿಂದ ಮಗುವಿನ ಮನೆಗೆ ಜನ ಹೋಗಲು ಶುರು. ಆ ದಿನವೇ ತರಗತಿಯ ಹೊಣೆಯಿಂದ ದೂರವಿಡಿ, ಏನಾದರೂ ಕಾಗದದ ಕೆಲಸ ಕೊಡಿ, ಬಿಇಒ ಅವರಿಗೆ ಲಿಖಿತವಾಗಿ ತಿಳಿಸಿ. ಶಾಲೆಯ ಸಿಬ್ಬಂದಿಯೇ ಮಾಡಿದರೆ ಪೋಕ್ಸೊದಲ್ಲಿ ಅದು ತೀವ್ರ ಸ್ವರೂಪದ ಅಪರಾಧ, ಶಿಕ್ಷೆಯೂ ಹೆಚ್ಚು. "ಇಪ್ಪತ್ತು ವರ್ಷ ಸರ್ವಿಸ್, ಒಳ್ಳೆಯ ಮೇಷ್ಟ್ರು" ಎಂಬ ಸರ್ಟಿಫಿಕೇಟ್ ಬರೆದು ಊರವರ ಸಹಿ ಸಂಗ್ರಹಿಸುವ ಕೆಲಸಕ್ಕೆ ನಿಮ್ಮ ಶಾಲೆಯ ಒಬ್ಬರೂ ಕೈ ಹಾಕದಂತೆ ನೋಡಿಕೊಳ್ಳಿ. ಸದ್ದಿಲ್ಲದೆ ಬೇರೆ ಶಾಲೆಗೆ ವರ್ಗ ಮಾಡಿಸುವುದಂತೂ ಇನ್ನೊಂದು ಊರಿನ ಮಕ್ಕಳಿಗೆ ಬಗೆಯುವ ದ್ರೋಹ.

ಬೆತ್ತ

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮೇಜಿನ ಖಾನೆಯಲ್ಲಿ "ಸುಮ್ಮನೆ ಹೆದರಿಸಲು" ಎಂದು ಇಟ್ಟ ಬೆತ್ತವನ್ನು ಇವತ್ತೇ ಒಲೆಗೆ ಹಾಕಿ. ಬಿಸಿಲಲ್ಲಿ ನಿಲ್ಲಿಸುವುದು, ಬಸ್ಕಿ ಹೊಡೆಸುವುದು, ಊಟದ ಸಾಲಿನಲ್ಲಿ ಕೊನೆಗೆ ಕೂರಿಸುವುದು ಎಲ್ಲ ಇದರೊಳಗೇ ಬರುತ್ತವೆ. ಜಾತಿ ಹಿಡಿದು ಆಡುವ ಒಂದು ಮಾತು ಬೆತ್ತಕ್ಕಿಂತ ಹೆಚ್ಚು ಕಾಲ ಉರಿಯುತ್ತದೆ. ಇಲ್ಲಿ ಚರ್ಚೆಗೆ ಜಾಗವಿಲ್ಲ ಎಂಬುದು ನನ್ನ ಅಭಿಪ್ರಾಯ. ತಂದೆಯೇ ಬಂದು "ನಾಲ್ಕು ಬಿಡಿ ಮಿಸ್" ಎಂದರೂ ಆ ಅಧಿಕಾರ ಅವರ ಕೈಯಿಂದ ನಿಮಗೆ ವರ್ಗವಾಗುವುದಿಲ್ಲ.

ದಿನದ ವ್ಯವಸ್ಥೆ

ಸಿಸಿಟಿವಿಗೆ ದಾನಿಗಳನ್ನು ಹುಡುಕುವ ಮುಂಚೆ ಕೀಲಿಕೈ ಗೊಂಚಲು ಎತ್ತಿಕೊಂಡು ಒಂದು ಸುತ್ತು ಬನ್ನಿ. ಬಳಸದ ಕೊಠಡಿ, ಹಳೆಯ ಡೆಸ್ಕ್ ತುಂಬಿದ ಉಗ್ರಾಣ, ಆಟದ ಸಾಮಾನಿನ ಕೋಣೆ ಇವುಗಳಿಗೆ ಯಾವಾಗಲೂ ಬೀಗವಿರಲಿ, ಕೀಲಿ ಕಚೇರಿಯಲ್ಲೇ ಇರಲಿ. ಶೌಚಾಲಯದ ಚಿಲಕ ಒಳಗಿನಿಂದ ಹಾಕಿಕೊಳ್ಳುತ್ತದೆಯೇ, ಒಂದನೆಯ ತರಗತಿಯ ಮಗುವಿನ ಕೈಗೆ ಅದು ಎಟಕುತ್ತದೆಯೇ, ನೀವೇ ನೋಡಿ. ಹಿಂಬದಿಯ ಕಾಂಪೌಂಡು ಒಡೆದ ಕಡೆ ಯಾರು ಬಂದು ಕೂರುತ್ತಾರೆ ಎಂಬುದು ಬಿಸಿಯೂಟದ ಅಡುಗೆಯವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಕೇಳಿ.

ಶಿಕ್ಷಕರು, ಅತಿಥಿ ಶಿಕ್ಷಕರು, ಅಡುಗೆಯವರು, ವ್ಯಾನ್ ಚಾಲಕರು, ಕಾಯಂ ಇರಲಿ ಗುತ್ತಿಗೆ ಇರಲಿ, ಎಲ್ಲರ ಪೊಲೀಸ್ ಪರಿಶೀಲನೆ ಕಾಲಕಾಲಕ್ಕೆ ಆಗಬೇಕೆಂದು 2020ರ ನಿಯಮಗಳು ಹೇಳುತ್ತವೆ. ಅದು ಮುಗಿದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಹಿಂದೆ ಸಿಕ್ಕಿಬೀಳದವರ ಕಡತ ಖಾಲಿಯಾಗಿಯೇ ಇರುತ್ತದೆ. ಮಗುವನ್ನು ನಡುವೆ ಕರೆದುಕೊಂಡು ಹೋಗಲು ಬಂದವರು ಯಾರೇ ಆಗಲಿ, ದಾಖಲಾತಿ ಸಮಯದಲ್ಲಿ ಪೋಷಕರು ಬರೆಸಿದ ಹೆಸರುಗಳಲ್ಲಿ ಇಲ್ಲದಿದ್ದರೆ ಮಗುವನ್ನು ಕಳುಹಿಸಬೇಡಿ. "ನಾನು ಅವನ ಮಾವ" ಎಂದು ಎಷ್ಟು ರೇಗಿದರೂ ತಾಯಿಗೆ ಫೋನ್ ಮಾಡುವವರೆಗೆ ಬೆಂಚಿನ ಮೇಲೆ ಕೂರಲಿ. ಪ್ರತಿಭಾ ಕಾರಂಜಿಗೋ ಕ್ರೀಡಾಕೂಟಕ್ಕೋ ಹೊರಗೆ ಹೋಗುವಾಗ ಹುಡುಗಿಯರಿದ್ದರೆ ಶಿಕ್ಷಕಿಯೊಬ್ಬರು ಜತೆಗಿರಲೇಬೇಕು. ಒಬ್ಬರೇ ಶಿಕ್ಷಕರ ಬೈಕಿನಲ್ಲಿ ಒಂದೇ ಮಗುವನ್ನು ಕೂರಿಸಿ ಕಳುಹಿಸುವ ಪದ್ಧತಿ ನಿಲ್ಲಲಿ.

ದೂರು ಪೆಟ್ಟಿಗೆ ಎಷ್ಟೋ ಶಾಲೆಗಳಲ್ಲಿ ಇದೆ, ಸಾಮಾನ್ಯವಾಗಿ ಮುಖ್ಯಶಿಕ್ಷಕರ ಕೋಣೆಯ ಎದುರು. ಅಲ್ಲಿ ಚೀಟಿ ಹಾಕುವ ಧೈರ್ಯ ಯಾವ ಮಗುವಿಗಿದೆ? ನೀರು ಕುಡಿಯುವ ಜಾಗದ ಹತ್ತಿರ, ಯಾರು ಹಾಕಿದರು ಎಂದು ಗೊತ್ತಾಗದ ಕಡೆ ಇಡಿ. ಬರೆಯಲು ಬಾರದ ಸಣ್ಣವರು ಚಿತ್ರ ಬಿಡಿಸಿ ಹಾಕಬಹುದು ಎಂದು ಪ್ರಾರ್ಥನೆಯಲ್ಲಿ ಹೇಳಿ. ಹಾಕಿದ್ದರಲ್ಲಿ ಹೆಚ್ಚಿನವು "ಸಾರಿಗೆ ಖಾರ ಜಾಸ್ತಿ" ಎಂಬಂಥವೇ. ಅವಕ್ಕೂ ಉತ್ತರ ಕೊಡಿ. ಖಾರದ ದೂರು ಕೇಳಿಸಿಕೊಂಡವರಿಗೆ ಉಳಿದದ್ದನ್ನೂ ಹೇಳಬಹುದು ಎಂದು ಮಕ್ಕಳು ಲೆಕ್ಕ ಹಾಕುತ್ತಾರೆ.

ಇನ್ನು ಏಳನೆಯ ತರಗತಿಯ ಹುಡುಗಿ ಹಬ್ಬದ ರಜೆಯ ನಂತರ ಬರದಿದ್ದರೆ ಗೈರು ಗುರುತು ಹಾಕಿ ಸುಮ್ಮನಾಗಬೇಡಿ. ಮದುವೆ ಮಾತುಕತೆಯ ಸುಳಿವು ಸಿಕ್ಕರೂ 1098 ಇದೆ. ಬಾಲ್ಯವಿವಾಹ ಕರ್ನಾಟಕದಲ್ಲಿ ಆರಂಭದಿಂದಲೇ ಅಸಿಂಧು.

ಆಮೇಲಿನ ದಿನಗಳು

ಮಗು ತರಗತಿಗೆ ಮರಳುವ ದಿನ ತರಗತಿ ಶಿಕ್ಷಕರಿಗೆ ವಿವರ ಬೇಡ. "ನಡುವೆ ಎದ್ದು ಹೊರಗೆ ಹೋಗಬೇಕೆಂದರೆ ಬಿಡಿ, ಹೋಂವರ್ಕ್ ಕೇಳಬೇಡಿ" ಎಂಬಷ್ಟು ಸಾಕು. ಪತ್ರಕರ್ತರು ಬಂದರೆ ಮಗುವಿನ ಹೆಸರು ಮಾತ್ರವಲ್ಲ, ಶಾಲೆ, ಬೀದಿ, ಮನೆಯವರ ವಿವರ ಯಾವುದನ್ನೂ ಪ್ರಕಟಿಸುವಂತಿಲ್ಲ ಎಂದು ಪೋಕ್ಸೊ 23ನೆಯ ಸೆಕ್ಷನ್ ತೋರಿಸಿ.

ಒಂದು ಸಮನ್ಸ್ ನಿಮಗೂ ಬರಬಹುದು. ಮಗುವಿನ ವಯಸ್ಸು ನಿರ್ಧರಿಸಲು ನ್ಯಾಯಾಲಯ ಮುಖ್ಯವಾಗಿ ನೋಡುವ ದಾಖಲೆಗಳಲ್ಲಿ ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಒಂದು, ಹಾಗಾಗಿ ದಾಖಲಾತಿ ರಿಜಿಸ್ಟರ್ ಹಿಡಿದುಕೊಂಡು ನೀವು ಹೋಗಬೇಕಾಗುತ್ತದೆ. ಅಂದಾಜಿನಲ್ಲಿ ಜೂನ್ 1 ಎಂದು ಬರೆಯುವ ಹಳೆಯ ರೂಢಿ ಇಂಥ ಕಡೆ ಮಗುವಿನ ಕುತ್ತಿಗೆಗೆ ಬರುತ್ತದೆ. ಒಂದನೆಯ ತರಗತಿಗೆ ಸೇರಿಸಿಕೊಳ್ಳುವಾಗಲೇ ಜನನ ಪ್ರಮಾಣಪತ್ರ ನೋಡಿ ಬರೆಯಿರಿ.

ಕೆಲವು ಮನೆಯವರು ಊರು ಬಿಡಲು ನಿರ್ಧರಿಸಿ ವರ್ಗಾವಣೆ ಪತ್ರ ಕೇಳುತ್ತಾರೆ. ತಡ ಮಾಡದೆ ಕೊಡಿ; ತಡ ಮಾಡಿದ ಮುಖ್ಯಶಿಕ್ಷಕರ ಮೇಲೆ ಶಿಸ್ತುಕ್ರಮಕ್ಕೆ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್‌ನಲ್ಲೇ ಅವಕಾಶವಿದೆ. ಶಾಲೆ ಬಿಡಲು ಕಾರಣ ಎಂಬಲ್ಲಿ "ಪೋಷಕರ ಕೋರಿಕೆ" ಎಂದಷ್ಟೇ ಬರೆಯಿರಿ. ಹೊಸ ಶಾಲೆಯ ಮುಖ್ಯಶಿಕ್ಷಕರು ಫೋನ್ ಮಾಡಿ "ಏನು ವಿಷಯ ಮೇಡಂ?" ಎಂದು ಕೇಳಿದರೆ, ಹುಡುಗಿ ಗಣಿತದಲ್ಲಿ ಚುರುಕು ಎಂದು ಹೇಳಿ.